ಸಮುದ್ರ ಗಾಳಿಗೆ ಕೊಡುವ ಕಾವು ಅಳೆಯುವುದು ಹೇಗೆ? ರಾಯಚೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ಹೊರಗೆ ಒಂದು ಸಣ್ಣ ಹವಾಮಾನ ಕೇಂದ್ರವಿದೆ. ದಿನಾ ಬೆಳಗ್ಗೆ ಎಂಟೂವರೆಗೆ ಅಲ್ಲಿನ ಉಪಕರಣಗಳನ್ನು ಓದಿ ಬರೆದುಕೊಳ್ಳುವುದು ನನ್ನ ಕೆಲಸ. ಸುತ್ತಲಿನ ಊರುಗಳಿಂದ ರೈತರು, ಕಾಲೇಜಿನ ಮಕ್ಕಳು, ಮೇಷ್ಟ್ರುಗಳು ನೋಡಲು ಬರುತ್ತಾರೆ. ನೀರು ಎಷ್ಟು ಆವಿಯಾಯಿತು ಎಂದು ಅಳೆಯುವ ದೊಡ್ಡ ತಟ್ಟೆಯ ಹತ್ತಿರ ಬಂದಾಗ ಮಾತು ಸಮುದ್ರದ ಕಡೆ ಹೊರಳುತ್ತದೆ. ಹೊರಳಿಸುವವನು ನಾನೇ, ಯಾಕೆಂದರೆ ನಮ್ಮ ಮಳೆಯ ಮೂಲ ಅಲ್ಲಿದೆ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ನಾವು ಎರಿ ಹೊಲದವರು. ಸಮುದ್ರದ ಲೆಕ್ಕ ನಮಗ್ಯಾಕ್ರೀ?

ರಾಯಚೂರಿನಿಂದ ನೇರ ಪೂರ್ವಕ್ಕೆ ಹೊರಟರೆ ಮಚಲೀಪಟ್ಟಣ ಸಿಗುತ್ತದೆ. ನೇರ ಪಶ್ಚಿಮಕ್ಕೆ ಹೊರಟರೆ ಕೊಂಕಣದ ಕರಾವಳಿ. ಎರಡೂ ಕಡೆ ಸುಮಾರು 400 ಕಿ.ಮೀ. ದೂರ. ನಾವು ಎರಡು ಸಮುದ್ರಗಳ ನಟ್ಟನಡುವೆ ಕೂತಿದ್ದೇವೆ.

ಪಶ್ಚಿಮದ ಮುಂಗಾರು ಮೋಡ ಸಹ್ಯಾದ್ರಿ ಹತ್ತುವಾಗಲೇ ತನ್ನ ಬಹುಪಾಲು ನೀರನ್ನು ಸುರಿಸಿಬಿಡುತ್ತದೆ. ನಮಗೆ ಬರುವುದು ಅದರ ಉಳಿಕೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಲ ಚೆನ್ನಾಗಿ ನೆನೆಯುವುದು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದಾಗ, ಅದೂ ಉತ್ತರಿ, ಹಸ್ತ ಮಳೆಯ ಹೊತ್ತಿಗೆ. ಹಿಂಗಾರಿ ಜೋಳ, ಕಡಲೆ ಬಿತ್ತುವವರೆಲ್ಲ ಆ ಮಳೆಯನ್ನೇ ಕಾಯುತ್ತಾರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಏನಾಯಿತು ಎಂದು ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ. ತುಂಗಭದ್ರೆ ಮಂತ್ರಾಲಯದ ಮಠದೊಳಗೇ ನುಗ್ಗಿತ್ತು. ಆ ನೀರೆಲ್ಲ ಯಾವುದೋ ದಿನ ಸಮುದ್ರದ ಮೇಲಿಂದ ಆವಿಯಾಗಿ ಎದ್ದದ್ದು. ಎಬ್ಬಿಸಲು ಬೇಕಾದ ಕಾವನ್ನು ಕೊಟ್ಟದ್ದು ಕೂಡ ಸಮುದ್ರವೇ.

ಹಾಗಾಗಿ ಆ ಕಾವು ಎಷ್ಟು ಎಂದು ಸರಿಯಾಗಿ ಗೊತ್ತಾದರೆ ಮಳೆಯ ಮುನ್ಸೂಚನೆಯೂ ಸುಧಾರಿಸುತ್ತದೆ. ಬಿತ್ತನೆ ಬೀಜಕ್ಕೆ ಸಾಲ ಮಾಡಿದವರಿಗೆ ಇದು ದೂರದ ವಿಷಯ ಅಲ್ಲ.

ಸಮುದ್ರ ಗಾಳಿಗೆ ಕಾವು ಕೊಡುತ್ತದೆ ಅಂದರೆ, ಒಲೆ ಕೊಟ್ಟ ಹಾಗಾ?

ಸ್ವಲ್ಪ ಮಟ್ಟಿಗೆ ಹೌದು. ಆದರೆ ಒಲೆಗಿಂತ ಹರವಿಯ ಉದಾಹರಣೆ ಚೆನ್ನಾಗಿ ಹೊಂದುತ್ತದೆ.

ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುತ್ತದೆ. ನಡುಮನೆಯ ಮೂಲೆಯಲ್ಲಿ ಮರಳಿನ ಮೇಲೆ ಇಟ್ಟ ಹರವಿಯ ನೀರು ಮಾತ್ರ ತಣ್ಣಗಿರುತ್ತದೆ. ಯಾಕೆ? ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಒಸರಿ ಆವಿಯಾಗುತ್ತದೆ, ಹೋಗುವಾಗ ಒಳಗಿನ ನೀರಿನ ಕಾವನ್ನೂ ಕೊಂಡೊಯ್ಯುತ್ತದೆ. ಹದಿನೈದು ಲೀಟರಿನ ಹರವಿಯಿಂದ ಕಾಲು ಲೀಟರ್ ಆವಿಯಾದರೆ ಸಾಕು. ಹೊರಗಿನ ಬಿಸಿ ಒಳಗೆ ಬರದಿದ್ದರೆ ಉಳಿದ ನೀರು ಸುಮಾರು 10 ಡಿಗ್ರಿ ಇಳಿಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು, ಅಷ್ಟು ದೊಡ್ಡ ಖರ್ಚು ಅದು.

ಸಮುದ್ರವೂ ಹೀಗೇ ಬೆವರುತ್ತದೆ. ಆವಿ ಹೊತ್ತೊಯ್ದ ಕಾವು ಕಳೆದುಹೋಗುವುದಿಲ್ಲ. ಮೇಲೆ ಹೋಗಿ ಮೋಡವಾಗುವಾಗ ಅದು ಗಾಳಿಗೆ ವಾಪಸ್ ಸಿಗುತ್ತದೆ. ಮೋಡ ಎತ್ತರಕ್ಕೆ ಉಕ್ಕುವುದು, ಚಂಡಮಾರುತ ತಿರುಗುವುದು ಆ ಕಾವಿನ ಬಲದಿಂದಲೇ.

ಇದರ ಜೊತೆ ಇನ್ನೂ ಮೂರು ಬಾಬ್ತು ಇವೆ. ಬಿಸಿಲು ಸಮುದ್ರಕ್ಕೆ ಇಳಿಯುವುದು ಒಂದು. ಬೆಳದಿಂಗಳಲ್ಲಿ ಬಂಡೆ ತಣ್ಣಗಾಗುವಂತೆ ಸಮುದ್ರವೂ ಕಣ್ಣಿಗೆ ಕಾಣದ ಕಿರಣವಾಗಿ ಕಾವು ಹೊರಹಾಕುವುದು ಇನ್ನೊಂದು. ಬಿಸಿ ನೀರು ತಣ್ಣನೆ ಗಾಳಿಗೆ ನೇರವಾಗಿ ತಾಗಿ ಕೊಡುವುದು ಮೂರನೆಯದು, ನಮ್ಮ ಕಡಲುಗಳಲ್ಲಿ ಇದು ಚಿಕ್ಕ ಬಾಬ್ತು. ನಾಲ್ಕನ್ನೂ ಕೂಡಿ ಕಳೆದರೆ ಸಮುದ್ರಕ್ಕೆ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ.

ಆ ಲೆಕ್ಕ ಯಾವ ಅಳತೆಯಲ್ಲಿ?

ಒಂದು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು. ದಿನಕ್ಕೆ 1 ಮಿ.ಮೀ. ನೀರು ಆವಿಯಾದರೆ ಅದು 28 ವ್ಯಾಟ್ ಆಗುತ್ತದೆ. ಇಡೀ ಜಗತ್ತಿನ ಸಮುದ್ರದಿಂದ ವರ್ಷಕ್ಕೆ ಸರಾಸರಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಮೇಲೇಳುತ್ತದೆ. ಅಂದರೆ ಆವಿಯ ಬಾಬ್ತು ಒಂದೇ 100 ವ್ಯಾಟ್ ಆಸುಪಾಸು.

ನಿಮ್ಮ ಈ ತಟ್ಟೆಯನ್ನೇ ಹಡಗಿನ ಮೇಲೆ ಇಟ್ಟು ಅಳೆಯಬಹುದಲ್ವಾ?

ಜಾಸ್ತಿ ಮಂದಿ ಕೇಳುವ ಪ್ರಶ್ನೆ ಇದು. ಮೊದಲು ತಟ್ಟೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ನಾಲ್ಕು ಅಡಿ ಅಗಲ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಆಳ. ಮೇಲೆ ತಂತಿ ಜಾಲರಿ. ಒಳಗೆ ಒಂದು ಸಣ್ಣ ಕೊಳವೆ, ಅದರಲ್ಲಿ ಮೇಲ್ಮುಖವಾಗಿ ನಿಂತ ಚೂಪು ಮೊಳೆ. ನಿನ್ನೆ ಬೆಳಗ್ಗೆ ನೀರು ಮೊಳೆಯ ತುದಿಗೆ ಸರಿಯಾಗಿ ಮುಟ್ಟಿತ್ತು. ಇವತ್ತು ಕೆಳಗಿಳಿದಿದೆ. ಅಳತೆಯ ಪಾತ್ರೆಯಿಂದ ನೀರು ಸುರಿಯುತ್ತಾ ಹೋಗಬೇಕು, ಮೊಳೆಯ ತುದಿ ನೀರಿನಲ್ಲಿ ಮುಳುಗುವ ಕ್ಷಣಕ್ಕೆ ನಿಲ್ಲಿಸಬೇಕು. ಮೊಣಕಾಲೂರಿ, ಕಣ್ಣು ನೀರಿನ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ನೋಡುತ್ತೇನೆ. ಎಷ್ಟು ಸುರಿದೆನೋ ಅಷ್ಟು ಆವಿಯಾಗಿದೆ. ಬೇಸಿಗೆಯಲ್ಲಿ ಇದು ದಿನಕ್ಕೆ 10 ಮಿ.ಮೀ. ದಾಟುವುದುಂಟು.

ಒಂದು ಏಪ್ರಿಲ್‌ನಲ್ಲಿ ಜಾಲರಿಗೆ ಬಣ್ಣ ಹೊಡೆಯಲು ಬಿಚ್ಚಿಟ್ಟಿದ್ದೆವು. ಮರುದಿನ ಸುರಿದಷ್ಟೂ ನೀರು ಹಿಡಿಯಿತು. ಅಷ್ಟು ಬಿಸಿಲು ಇರಲಿಲ್ಲವಲ್ಲ ಎಂದುಕೊಂಡೇ ಪುಸ್ತಕದಲ್ಲಿ ಬರೆದೆ. ಸಂಜೆ ನೋಡಿದರೆ ಕಾಗೆಗಳು ಸಾಲಾಗಿ ಕೂತು ಮೀಯುತ್ತಿವೆ. ಆ ದಿನದ ಸಂಖ್ಯೆಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದೆ. ಆ ಪುಟ ಈಗಲೂ ಮಕ್ಕಳಿಗೆ ತೋರಿಸುತ್ತೇನೆ.

ಗಟ್ಟಿ ನೆಲದ ಮೇಲೆ, ಬೇಲಿಯೊಳಗೆ ಇರುವ ತಟ್ಟೆಯ ಪಾಡೇ ಹೀಗೆ. ಹಡಗು ಹೊಯ್ದಾಡುತ್ತದೆ, ಅಲೆಯ ತುಂತುರು ಒಳಗೆ ಬೀಳುತ್ತದೆ. ಅಲ್ಲದೆ ತಟ್ಟೆಯ ನೀರು ಸಮುದ್ರದ ನೀರಿನಷ್ಟೇ ಬಿಸಿ ಇರುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಕಡಿಮೆ ಆವಿ ಬಿಡುತ್ತದೆ, ಆ ನೂರಕ್ಕೆ ಎರಡರ ವ್ಯತ್ಯಾಸವನ್ನೂ ಲೆಕ್ಕಕ್ಕೆ ತರಬೇಕು. ಹಾಗಾಗಿ ತಟ್ಟೆ ಅಲ್ಲಿ ನಡೆಯುವುದಿಲ್ಲ.

ಮತ್ತೆ ಹೇಗೆ ಅಳೆಯುತ್ತಾರೆ?

ಎರಡು ದಾರಿ ಇವೆ. ಮೊದಲನೆಯದು ನೇರ ದಾರಿ. ಸಮುದ್ರದ ಮೇಲೆ ಗಾಳಿ ಸುಮ್ನೆ ಸಪಾಟಾಗಿ ಹರಿಯುವುದಿಲ್ಲ, ಸುಳಿಸುಳಿಯಾಗಿ ಮೇಲೆ ಕೆಳಗೆ ಆಡುತ್ತದೆ. ಮೇಲೇರುವ ಸುಳಿಯಲ್ಲಿ ತೇವ ಜಾಸ್ತಿ, ಕೆಳಗಿಳಿಯುವ ಸುಳಿಯಲ್ಲಿ ಕಡಿಮೆ. ಸೆಕೆಂಡಿಗೆ ಹತ್ತಿಪ್ಪತ್ತು ಸಲ ಗಾಳಿಯ ಏರಿಳಿತವನ್ನೂ ತೇವಾಂಶವನ್ನೂ ಒಟ್ಟಿಗೆ ಅಳೆದು ಗುಣಿಸಿ, ಸರಾಸರಿ ತೆಗೆದರೆ ಎಷ್ಟು ಆವಿ ಮೇಲೆ ಹೋಯಿತು ಎಂದು ಸಿಗುತ್ತದೆ. ಗಾಳಿಯನ್ನು ಶಬ್ದದ ಅಲೆಯಿಂದ, ತೇವವನ್ನು ಅವಕೆಂಪು ಬೆಳಕಿನಿಂದ ಅಳೆಯುತ್ತಾರೆ. ತೊಂದರೆ ಏನೆಂದರೆ, ಹಡಗು ತಾನೂ ಏರಿಳಿಯುತ್ತದೆ. ಹಡಗಿನ ಏರಿಳಿತ ಯಾವುದು, ಗಾಳಿಯದು ಯಾವುದು ಎಂದು ಬಿಡಿಸಬೇಕು. ಹಡಗಿನ ಗೋಡೆಗೆ ಬಡಿದು ಗಾಳಿ ತಿರುಗುತ್ತದೆ. ಬೆಳಕಿನ ಕಿಂಡಿಯ ಮೇಲೆ ಉಪ್ಪು ಕೂರುತ್ತದೆ. ಇದನ್ನು ವರ್ಷಗಟ್ಟಲೆ, ಎಲ್ಲ ಕಡೆ ಮಾಡುವುದು ಆಗದ ಮಾತು.

ಅದಕ್ಕೇ ಎರಡನೆಯ ದಾರಿ. ಇದರ ಬೇರು ಹಳೆಯದು. 1802ರಲ್ಲಿ ಜಾನ್ ಡಾಲ್ಟನ್ ಹೇಳಿದ್ದು ಇಷ್ಟು: ಗಾಳಿ ಜೋರಾದಷ್ಟೂ, ನೀರಿನ ಮೈಯಲ್ಲಿರುವ ಆವಿಗೂ ಮೇಲಿನ ಗಾಳಿಯ ಆವಿಗೂ ಅಂತರ ಜಾಸ್ತಿಯಾದಷ್ಟೂ ನೀರು ಬೇಗ ಆವಿಯಾಗುತ್ತದೆ. ಕಣದಲ್ಲಿ ಭತ್ತ ಒಣಹಾಕಿದ ಸಿಂಧನೂರು, ಗಂಗಾವತಿಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಾಳಿಯ ವೇಗ, ನೀರಿನ ಬಿಸಿ, ಗಾಳಿಯ ಬಿಸಿ, ಗಾಳಿಯ ತೇವ, ಈ ನಾಲ್ಕು ಸಾಮಾನ್ಯ ಅಳತೆ ಇದ್ದರೆ ಸೂತ್ರಕ್ಕೆ ಹಾಕಿ ಕಾವನ್ನು ಲೆಕ್ಕ ಹಾಕಬಹುದು.

ಸೂತ್ರದಲ್ಲಿ ಒಂದು ಗುಣಾಂಕ, ಅಂದರೆ ಗುಣಿಸಬೇಕಾದ ಸಂಖ್ಯೆ, ಇದೆ. ಅದನ್ನು ಪಳಗಿಸುವುದರಲ್ಲೇ ವಿಜ್ಞಾನಿಗಳ ದಶಕಗಳು ಹೋಗಿವೆ. 1992-93ರಲ್ಲಿ ಪಶ್ಚಿಮ ಪೆಸಿಫಿಕ್‌ನ ಬಿಸಿನೀರಿನ ಪ್ರದೇಶದಲ್ಲಿ ಹಲವು ದೇಶಗಳು ಕೂಡಿ ದೊಡ್ಡ ಪ್ರಯೋಗ ನಡೆಸಿದವು, ಹೆಸರು ಟೋಗಾ ಕೋರ್. ಅಲ್ಲಿ ನೇರವಾಗಿ ಅಳೆದದ್ದಕ್ಕೆ ಒಪ್ಪುವಂತೆ ಸೂತ್ರವನ್ನು ತಿದ್ದಿದರು. ಕೋರ್ ಎಂಬ ಹೆಸರಿನಲ್ಲೇ ಅದು ಇವತ್ತಿಗೂ ಬಳಕೆಯಲ್ಲಿದೆ, ಮತ್ತೆ ಮತ್ತೆ ಸುಧಾರಿಸಿದ್ದಾರೆ.

ನೀರು ಎಷ್ಟು ಬಿಸಿ ಎಂದು ನೋಡುವುದಂತೂ ಸುಲಭ ಅಲ್ವಾ? ಥರ್ಮಾಮೀಟರ್ ಅದ್ದಿದರೆ ಆಯಿತು.

ನಾನೂ ಹಾಗೇ ತಿಳಿದಿದ್ದೆ. ನಿಜವಾಗಿ ಎಡವಿದ್ದೇ ಇಲ್ಲಿ.

ಹಿಂದೆ ನಾವಿಕರು ಬಕೆಟ್ಟಿಗೆ ಹಗ್ಗ ಕಟ್ಟಿ ಸಮುದ್ರಕ್ಕೆ ಇಳಿಬಿಟ್ಟು, ಮೇಲೆಳೆದು ಥರ್ಮಾಮೀಟರ್ ಅದ್ದುತ್ತಿದ್ದರು. ಎಷ್ಟೋ ಹಡಗುಗಳಲ್ಲಿ ಕ್ಯಾನ್ವಾಸ್ ಬಟ್ಟೆಯ ಬಕೆಟ್. ಒದ್ದೆ ಬಟ್ಟೆ, ಮೇಲೆ ಗಾಳಿ. ನಮ್ಮ ಹರವಿಯ ಕಥೆಯೇ ಅಲ್ವಾ? ಮೇಲೆ ಎಳೆದು ಓದುವಷ್ಟರಲ್ಲಿ ನೀರು ತಣ್ಣಗಾಗಿರುತ್ತಿತ್ತು. ಆಮೇಲೆ ಎಂಜಿನ್ ತಣಿಸಲು ಒಳಗೆಳೆದುಕೊಳ್ಳುವ ನೀರಿನ ಉಷ್ಣತೆ ಓದುವ ಪದ್ಧತಿ ಬಂತು. ಎಂಜಿನ್ ಕೋಣೆಯ ಬಿಸಿಗೆ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತಿತ್ತು. ಎರಡನೇ ಮಹಾಯುದ್ಧದ ಕಾಲದ ದಾಖಲೆಗಳಲ್ಲಿ ಅಮೆರಿಕದ ಹಡಗುಗಳ ಎಂಜಿನ್ ಕೋಣೆಯ ಓದುಗಳೇ ಜಾಸ್ತಿ. 1945ರಲ್ಲಿ ಯುದ್ಧ ಮುಗಿಯಿತು, ಬ್ರಿಟಿಷ್ ಹಡಗುಗಳ ಬಕೆಟ್ ಓದುಗಳು ಮತ್ತೆ ಹೆಚ್ಚಿದವು. ದಾಖಲೆಯಲ್ಲಿ ನೋಡಿದರೆ ಜಗತ್ತಿನ ಸಮುದ್ರವೆಲ್ಲ ಆ ವರ್ಷ ದಿಢೀರನೆ ತಣ್ಣಗಾದಂತೆ ಕಾಣುತ್ತದೆ. ತಣ್ಣಗಾದದ್ದು ಸಮುದ್ರ ಅಲ್ಲ, ಬಕೆಟ್. ಇದನ್ನು ಬಿಡಿಸಿ ಹೇಳಿದ ಸಂಶೋಧನೆ ಬಂದದ್ದು 2008ರಲ್ಲಿ. ಅರವತ್ತು ವರ್ಷ ಹಿಡಿಯಿತು!

ಇನ್ನೊಂದು ಸೂಕ್ಷ್ಮ. ಸಮುದ್ರದ ತೀರಾ ಮೇಲಿನ ಪದರ, ಒಂದು ಮಿಲಿಮೀಟರಿಗೂ ತೆಳು, ತನ್ನ ಕೆಳಗಿನ ನೀರಿಗಿಂತ 0.2ರಿಂದ 0.3 ಡಿಗ್ರಿ ತಣ್ಣಗಿರುತ್ತದೆ. ಕಾಯಿಸಿದ ಹಾಲಿನ ಕೆನೆಯ ಹಾಗೆ ಎಂದುಕೊಳ್ಳಿ. ಗಾಳಿಗೆ ತಾಗುವುದು ಈ ಕೆನೆ ಮಾತ್ರ. ಥರ್ಮಾಮೀಟರ್ ಇರುವುದು ಅಡಿ ಎರಡಡಿ ಕೆಳಗೆ. ಗಾಳಿ ಇಲ್ಲದ ಮಧ್ಯಾಹ್ನ ಇದಕ್ಕೆ ತಿರುಗಾಮುರುಗಾ ಆಗಿ, ಮೇಲಿನ ಒಂದೆರಡು ಮೀಟರ್ ನೀರು ಕೆಳಗಿನದಕ್ಕಿಂತ ಎರಡು ಡಿಗ್ರಿಯಷ್ಟು ಜಾಸ್ತಿ ಕಾಯುವುದೂ ಉಂಟು.

ಉಪಗ್ರಹ ಇದೆಯಲ್ಲ, ಮೇಲಿಂದಲೇ ನೋಡಬಾರದಾ?

ನೋಡುತ್ತಿದ್ದಾರೆ. ಸಮುದ್ರದ ಮೈಯ ಬಿಸಿ ಉಪಗ್ರಹಕ್ಕೆ ಕಾಣುತ್ತದೆ. ಗಾಳಿಯ ವೇಗವನ್ನು ನೀರಿನ ಮೇಲಿನ ಸಣ್ಣ ತರಂಗಗಳಿಂದ ರೇಡಾರ್ ಊಹಿಸುತ್ತದೆ. ನಮ್ಮ ಇಸ್ರೋದ ಓಷನ್‌ಸ್ಯಾಟ್-2 ಇದಕ್ಕೆಂದು 2009ರಲ್ಲಿ ಹೋಯಿತು, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರಲ್ಲಿ ಓಷನ್‌ಸ್ಯಾಟ್-3. ಇವೆಲ್ಲ ಹೆಮ್ಮೆಯ ಕೆಲಸ.

ಆದರೆ ನೀರಿನಿಂದ ಒಂದಾಳು, ಎರಡಾಳು ಎತ್ತರದ ಗಾಳಿಯಲ್ಲಿ ಎಷ್ಟು ತೇವ ಇದೆ, ಅದು ಎಷ್ಟು ಬಿಸಿ ಇದೆ ಎಂದು ಮೇಲಿಂದ ನೋಡುವುದು ಬಹಳ ಕಷ್ಟ. ಉಪಗ್ರಹ ಇಡೀ ಗಾಳಿಯ ಕಂಬವನ್ನು ಒಟ್ಟಿಗೆ ನೋಡುತ್ತದೆ. ತಳದ ಹತ್ತು ಮೀಟರನ್ನು ಅದರಿಂದ ಬೇರ್ಪಡಿಸಬೇಕು. ಹಗೇವಿನ ಬಾಯಲ್ಲಿ ನಿಂತು ತಳದ ಜೋಳ ಹೇಗಿದೆ ಎಂದು ಹೇಳಿದ ಹಾಗೆ. ಒಳಗೆ ಇಳಿದು ಒಂದು ಹಿಡಿ ತರುವವರು ಬೇಕೇ ಬೇಕು.

ಆ ಒಂದು ಹಿಡಿ ತರುವವರು ಯಾರು?

ಬಾಯ್‌ಗಳು. ನಾನು ತೇಲುಬುರುಡೆ ಎನ್ನುತ್ತೇನೆ. ಬಾವಿಯಲ್ಲಿ ಈಜು ಕಲಿಯಲು ಸೊಂಟಕ್ಕೆ ಬುರುಡೆ ಕಟ್ಟಿಕೊಂಡವರಿಗೆ ತಕ್ಷಣ ಅರ್ಥವಾಗುತ್ತದೆ. ಈ ಬುರುಡೆಯನ್ನು ಕಿಲೋಮೀಟರುಗಟ್ಟಲೆ ಉದ್ದದ ಹಗ್ಗದಿಂದ ಸಮುದ್ರದ ತಳಕ್ಕೆ ಲಂಗರು ಹಾಕಿರುತ್ತಾರೆ. ಮೇಲೆ ಗಾಳಿ, ತೇವ, ಬಿಸಿಲು, ಮಳೆ ಅಳೆಯುವ ಸೆನ್ಸರುಗಳು. ಕೆಳಗೆ ಹಗ್ಗದುದ್ದಕ್ಕೂ ನೀರಿನ ಬಿಸಿ, ಉಪ್ಪು ಅಳೆಯುವವು. ಓದುಗಳು ಉಪಗ್ರಹದ ಮೂಲಕ ದಡಕ್ಕೆ ಬರುತ್ತವೆ.

ಪೆಸಿಫಿಕ್‌ನ ಸಮಭಾಜಕದ ನೀರು ಕೆಲವು ವರ್ಷ ಎಂದಿಗಿಂತ ಜಾಸ್ತಿ ಬಿಸಿಯಾಗುತ್ತದೆ, ಅದೇ ಎಲ್ ನಿನೋ. 1982-83ರದು ಯಾರಿಗೂ ಸುಳಿವು ಕೊಡದೆ ಬಂದುಹೋಯಿತು. ಆ ಪೆಟ್ಟಿನ ನಂತರ ಪೆಸಿಫಿಕ್‌ನ ಸಮಭಾಜಕದ ಉದ್ದಕ್ಕೂ ಸುಮಾರು 70 ಬುರುಡೆಗಳನ್ನು ಕಟ್ಟಿದರು, 1994ಕ್ಕೆ ಮುಗಿಯಿತು. ಹಿಂದೂ ಮಹಾಸಾಗರದ ಸರದಿ ತಡವಾಗಿ ಬಂತು. 46 ಬುರುಡೆಗಳ ರಾಮಾ ಎಂಬ ಜಾಲದ ಕೆಲಸ ಇಲ್ಲಿ ಶುರುವಾದದ್ದು ಈ ಶತಮಾನದಲ್ಲಿ. ಇಷ್ಟೊಂದು ಜನ ನಂಬಿರುವ ಮುಂಗಾರಿನ ಸಮುದ್ರಕ್ಕೆ ಕೊನೆಯ ಸರದಿ ಸಿಕ್ಕಿತಲ್ಲ ಎಂದು ನನಗೆ ಬೇಸರವಿದೆ. ನಮ್ಮ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ (ಎನ್‌ಐಒಟಿ) ತನ್ನದೇ ಬುರುಡೆಗಳನ್ನು ಎರಡೂ ಸಮುದ್ರಗಳಲ್ಲಿ ನಡೆಸುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಆ ಓದುಗಳನ್ನು ಬಳಸಿ ಸಮುದ್ರದ ಮುನ್ಸೂಚನೆ ಕೊಡುತ್ತದೆ.

1999ರ ಜುಲೈ-ಆಗಸ್ಟ್‌ನಲ್ಲಿ ಬಾಬ್‌ಮೆಕ್ಸ್ ಎಂಬ ಪ್ರಯೋಗ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸಾಗರ ಕನ್ಯಾ ಹಡಗಿನಲ್ಲಿದ್ದರು. ಮಳೆಗಾಲದ ನಡುಮಧ್ಯೆ ಬಂಗಾಳ ಕೊಲ್ಲಿಯಲ್ಲಿ ನಿಂತು ಈ ಕಾವನ್ನು ಅಳೆದು ತಂದರು. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಒಂದು ಬುರುಡೆಯನ್ನು ಸಾಗರ ನಿಧಿ ಹಡಗಿನಿಂದ ಕೊಲ್ಲಿಯ ಉತ್ತರ ಭಾಗದಲ್ಲಿ ಇಳಿಸಿದರು. ಒಂದು ವರ್ಷಕ್ಕೂ ಮೇಲೆ ಅದು ನಿಂತು ಓದು ಕಳಿಸಿತು. ಇಂಥ ಒಂದೊಂದು ವರ್ಷದ ದಾಖಲೆಯೂ ಚಿನ್ನ.

ಮೀನುಗಾರರು ಬುರುಡೆಗಳಿಗೆ ದೋಣಿ ಕಟ್ಟುತ್ತಾರಂತೆ, ನಿಜವಾ?

ನಿಜ. ತೇಲುವ ವಸ್ತುವಿನ ಕೆಳಗೆ ಮೀನು ಸೇರುತ್ತವೆ, ಮೀನು ಇದ್ದಲ್ಲಿಗೆ ದೋಣಿ ಬರುತ್ತದೆ. ಹಗ್ಗ ಸಿಕ್ಕಿ ಸೆನ್ಸರ್ ಮುರಿಯುತ್ತದೆ. ಅವರನ್ನು ಬೈದು ಉಪಯೋಗವಿಲ್ಲ. ಚಂಡಮಾರುತದ ಸುದ್ದಿ ನಿಮಗೆ ಮುಟ್ಟಿಸುವುದರಲ್ಲಿ ಈ ಬುರುಡೆಯ ಪಾಲೂ ಇದೆ ಎಂದು ಕೂತು ಹೇಳಬೇಕು.

ಹತ್ತು ವ್ಯಾಟ್ ತಪ್ಪಾದರೆ ಏನು ಮಹಾ?

ಒಂದು ಉದಾಹರಣೆ ಲೆಕ್ಕ ಮಾಡೋಣ. ಕೊಲ್ಲಿಯ ನೀರು 29 ಡಿಗ್ರಿ, ಗಾಳಿ ಸೆಕೆಂಡಿಗೆ 6 ಮೀಟರ್. ನೀರಿನ ಮೈಗೂ ಗಾಳಿಗೂ ಇರುವ ತೇವದ ಅಂತರ ಒಂದು ಕಿಲೋ ಗಾಳಿಗೆ 5 ಗ್ರಾಂ ಎಂದಿಟ್ಟುಕೊಳ್ಳಿ. ಸೂತ್ರ ಸುಮಾರು 100 ವ್ಯಾಟ್ ಕೊಡುತ್ತದೆ. ಈಗ ತೇವದ ಸೆನ್ಸರ್ ಬರೀ ಅರ್ಧ ಗ್ರಾಂ ತಪ್ಪು ತೋರಿಸಲಿ, 10 ವ್ಯಾಟ್ ತಪ್ಪಾಯಿತು. ನೀರಿನ ಉಷ್ಣತೆ 0.3 ಡಿಗ್ರಿ ತಪ್ಪಿದರೂ ಹೆಚ್ಚುಕಡಿಮೆ ಅಷ್ಟೇ. ಬಕೆಟ್ಟಿನ ತಪ್ಪು, ಕೆನೆಯ ತಪ್ಪು ಎಷ್ಟು ದುಬಾರಿ ಎಂದು ಈಗ ತಿಳಿಯಿತಲ್ಲ.

10 ವ್ಯಾಟ್ ಅಂದರೆ ತಿಂಗಳಿಗೆ 10 ಮಿ.ಮೀ.ಗಿಂತ ತುಸು ಜಾಸ್ತಿ ಆವಿ. ಮೇಲಿನ 20 ಮೀಟರ್ ನೀರಿನಲ್ಲೇ ಆ ಕಾವು ಉಳಿದರೆ ತಿಂಗಳಿಗೆ 0.3 ಡಿಗ್ರಿ ಏರುತ್ತದೆ. ಮೂರು ತಿಂಗಳಿಗೆ ಸುಮಾರು ಒಂದು ಡಿಗ್ರಿ. 1984ರಲ್ಲಿ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು ತೋರಿಸಿದಂತೆ, ಸಮುದ್ರದ ಮೈ ಸುಮಾರು 28 ಡಿಗ್ರಿ ದಾಟಿದ ಕಡೆಯೇ ದಟ್ಟ ಮೋಡ ಏಳುವುದು. ಹೊಸ್ತಿಲು ಇಷ್ಟು ಕಿರಿದಾಗಿರುವಾಗ ಒಂದು ಡಿಗ್ರಿ ತಪ್ಪು ಸಣ್ಣದಲ್ಲ. ಬೇರೆ ಬೇರೆ ಸಂಸ್ಥೆಗಳು ಮಾಡಿದ ಈ ಕಾವಿನ ನಕ್ಷೆಗಳನ್ನು ಹೋಲಿಸಿದರೆ ಕೆಲವು ಕಡೆ 10 ವ್ಯಾಟ್ ಅಲ್ಲ, ಅದರ ಎರಡು ಮೂರು ಪಟ್ಟು ವ್ಯತ್ಯಾಸ ಕಾಣುತ್ತದೆ.

ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಒಂದೇ ಲೆಕ್ಕ ಸಾಲದಾ?

ಸೂತ್ರ ಒಂದೇ, ಸ್ವಭಾವ ಬೇರೆ. ಮುಂಗಾರಿನ ಬಿರುಗಾಳಿಗೆ ಅರಬ್ಬಿ ಸಮುದ್ರ ಕಲಕಿ, ಸೊಮಾಲಿಯಾ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬಂದು, ಜೂನ್ ಕಳೆಯುತ್ತಲೇ ತಣ್ಣಗಾಗುತ್ತದೆ. ಕೊಲ್ಲಿಯಲ್ಲಿ ಗಂಗೆ, ಬ್ರಹ್ಮಪುತ್ರ ಮತ್ತು ಮಳೆಯ ಸಿಹಿನೀರು ಹಗುರವಾದ ಹೊದಿಕೆಯ ಹಾಗೆ ಮೇಲೆ ಹರಡಿರುತ್ತದೆ. ಕೆಳಗಿನ ಉಪ್ಪುನೀರು ಸುಲಭವಾಗಿ ಮೇಲೆ ಬೆರೆಯುವುದಿಲ್ಲ. ಅದಕ್ಕೇ ಅದು ಮಳೆಗಾಲದಲ್ಲೂ ಬಿಸಿಯಾಗಿ ಉಳಿದು, ಒಂದರ ಹಿಂದೆ ಒಂದು ವಾಯುಭಾರ ಕುಸಿತ ಹುಟ್ಟಿಸುತ್ತದೆ.

ಚಂಡಮಾರುತದ ಒಳಗೆ ಹೋಗಿ ಅಳೆದವರು ಇದ್ದಾರಾ?

ಮನುಷ್ಯರಿಲ್ಲದ ದೋಣಿ ಹೋಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್‌ನ ಸ್ಯಾಮ್ ಚಂಡಮಾರುತದೊಳಗೆ ಸೈಲ್‌ಡ್ರೋನ್ ಎಂಬ ಹಾಯಿದೋಣಿ ನುಗ್ಗಿ ಓದು ಕಳಿಸಿತು. ಅಷ್ಟು ಜೋರು ಗಾಳಿಯಲ್ಲಿ ಅಲೆ ಒಡೆದು ನೀರು ಯಾವುದು, ಗಾಳಿ ಯಾವುದು ಎಂದೇ ತಿಳಿಯದಷ್ಟು ತುಂತುರು. ನಮ್ಮ ಸೂತ್ರ ಸೋಲುವ ಜಾಗ ಅದು.

ತುಂಗಭದ್ರಾ ಜಲಾಶಯದಲ್ಲೂ ಹೀಗೇ ಆಗುತ್ತದಾ?

ಆಗುತ್ತದೆ. ಮುನಿರಾಬಾದಿನಲ್ಲಿ ನಿಂತು ನೋಡುವ ಆ ನೀರು ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡುತ್ತದೆ. ಅಷ್ಟಗಲ 75 ಮಿ.ಮೀ. ಆವಿಯಾದರೆ ಒಂದು ಟಿಎಂಸಿ ಹೋದ ಹಾಗೆ. ದಿನಕ್ಕೆ 5 ಮಿ.ಮೀ. ಎಂದರೆ ಹದಿನೈದು ದಿನಕ್ಕೆ ಒಂದು ಟಿಎಂಸಿ. ಕಾಲುವೆಯ ಕೊನೆಯ ಭಾಗದ ರೈತರು ಒಂದೊಂದು ಟಿಎಂಸಿಗೂ ಹೋರಾಡುವುದನ್ನು ಕಂಡವರು ನಾವು. ಜಲಾಶಯದ ನಡುವೆಯೂ ಇಂಥ ಒಂದು ಬುರುಡೆ ತೇಲಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಸುಧಾರಣೆ ಆಗಬೇಕಾದರೆ ಮುಖ್ಯವಾಗಿ ಏನು ಬೇಕು?

ನನ್ನನ್ನು ಕೇಳಿದರೆ, ಹೊಸ ಉಪಕರಣಕ್ಕಿಂತ ಮೊದಲು ಇರುವುದರ ಆರೈಕೆ. ನನ್ನ ಒದ್ದೆ ಥರ್ಮಾಮೀಟರಿನ ಮಲ್ಮಲ್ ಬಟ್ಟೆ ಧೂಳು ಹಿಡಿದರೆ ತೇವಾಂಶದ ಓದೇ ಕೆಡುತ್ತದೆ, ಬೇಸಿಗೆಯಲ್ಲಿ ಅದನ್ನು ಮತ್ತೆ ಮತ್ತೆ ಬದಲಿಸುತ್ತೇನೆ. ಸಮುದ್ರದ ನಡುವೆ ತಿಂಗಳುಗಟ್ಟಲೆ ಯಾರೂ ಮುಟ್ಟದ ಸೆನ್ಸರಿನ ಮೇಲೆ ಉಪ್ಪು ಕೂತರೆ? ಬಿಸಿಲು ಅಳೆಯುವ ಗಾಜಿನ ಗುಮ್ಮಟದ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ? ಅದಕ್ಕೇ ಒಂದೇ ಬುರುಡೆಯ ಮೇಲೆ ಒಂದೇ ಅಳತೆಗೆ ಎರಡು ಸೆನ್ಸರ್ ಇಡುತ್ತಾರೆ. ಇಳಿಸುವ ಮೊದಲೂ, ಎತ್ತಿದ ಮೇಲೂ ಒಳ್ಳೆಯ ಉಪಕರಣದ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಈ ಕೆಲಸಕ್ಕೆ ಹಡಗು ಬೇಕು, ಡೀಸೆಲ್ ಬೇಕು, ವರ್ಷವರ್ಷವೂ ದುಡ್ಡು ಬೇಕು. ಉದ್ಘಾಟನೆಗೆ ಸಿಗುವ ದುಡ್ಡು ಒರೆಸಿ ತಾಳೆ ನೋಡುವ ಕೆಲಸಕ್ಕೂ ಸಿಗಬೇಕು.

ನಮ್ಮ ಶಾಲೆಯಲ್ಲಿ ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಇದೆ. ಒಂದು ಪ್ಲಾಸ್ಟಿಕ್ ಬಕೆಟ್, ಒಂದು ದಪ್ಪ ಬಟ್ಟೆಯ ಚೀಲ, ಎರಡು ಥರ್ಮಾಮೀಟರ್ ಸಾಕು. ಒಂದೇ ತೊಟ್ಟಿಯ ನೀರನ್ನು ಎರಡರಲ್ಲೂ ತುಂಬಿ, ಗಾಳಿ ಆಡುವ ನೆರಳಿನಲ್ಲಿ ತೂಗುಹಾಕಿ. ಐದೈದು ನಿಮಿಷಕ್ಕೆ ಎರಡನ್ನೂ ಓದಿ ಬರೆಯಿರಿ. ಮಾನ್ವಿ ಕಡೆಯ ಒಬ್ಬ ಹುಡುಗಿ ಇದನ್ನು ಮಾಡಿ ನೋಟ್‌ಬುಕ್ ತಂದು ತೋರಿಸಿದ್ದಳು. ಬಟ್ಟೆಯ ಚೀಲದ ಸಾಲು ಮೊದಲ ಹತ್ತು ನಿಮಿಷದಲ್ಲೇ ಕೆಳಗಿಳಿದಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: "ಫ್ಯಾನ್ ಹಾಕಿದ ಮೇಲೆ ಇನ್ನೂ ಬೇಗ."